ತಿಂಡಿ ಎಂತ

ಸೋಮನಾಥ ಬೆರಳೊತ್ತಿದೊಡನೆ ಪರದೆಯ ಮೇಲೆ ಕೆರೆಕಟ್ಟೆ ಕಡೆಗೆ ಕರೆಂಟು ಒಯ್ಯುವ ಫೀಡರಿನ ಚೌಕ ಹಸಿರಾಯಿತು, ಕಣ್ಣು ಮಿಟುಕಿಸುವಷ್ಟರಲ್ಲಿ ಕೆಂಪಾಯಿತು. ಸದ್ದೇ ಆಗಲಿಲ್ಲ. ಸೋಮನಾಥನ ಎದೆ ಧಸಕ್ಕೆಂದದ್ದು ಆ ಸದ್ದಿಲ್ಲದ್ದಕ್ಕೇ. ಹಳೆಯ ಪ್ಯಾನೆಲ್ಲಿನ ಕಾಲದಲ್ಲಿ ಲೈನ್ ಟ್ರಿಪ್ ಆಗಿ ಕರೆಂಟು ಕಡಿಯಿತೆಂದರೆ ಇಡೀ ಸಬ್‌ಸ್ಟೇಷನ್ನಿಗೇ ಗೊತ್ತಾಗುತ್ತಿತ್ತು. ಅಂಗಳದಲ್ಲಿ ಬ್ರೇಕರ್ ಢಬ್ಬೆಂದು ಬೀಳುತ್ತಿತ್ತು, ಗೋಡೆಯ ಗಂಟೆ ಬಾಯಿ ಬಡಿದುಕೊಳ್ಳುತ್ತಿತ್ತು, ಮೀಟರಿನ ಮುಳ್ಳು ಒಮ್ಮೆ ನೆಗೆದು ಸೊನ್ನೆಯ ಮೇಲೆ ಮಲಗುತ್ತಿತ್ತು. ಬೇಲಿಯಾಚೆ ಮೇಯುವ ದನಗಳೂ ತಲೆ ಎತ್ತಿ ನೋಡುತ್ತಿದ್ದವು. ಈಗ ಕಂಪ್ಯೂಟರಿಗೆ ಧೂಳು ತಾಗಬಾರದೆಂದು ಕೋಣೆಗೆ ಗಾಜು ಹಾಕಿ ಮುಚ್ಚಿದ್ದಾರೆ, ಒಳಗೆ ತಣ್ಣಗೆ ಗಾಳಿ ಬರುತ್ತದೆ, ಹೊರಗೆ ಏನು ಬಿದ್ದರೂ ಒಳಗಿನವರಿಗೆ ಅದು ಒಂದು ಬಣ್ಣ ಮಾತ್ರ. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅರ್ಪಿತಾ, ಕೊಪ್ಪದ ಆಫೀಸಿನಿಂದ ಹೊಸ ವ್ಯವಸ್ಥೆ ಹೇಗೆ ನಡೆಯುತ್ತಿದೆಯೆಂದು ನೋಡಲು ಬಂದ ಇಂಜಿನಿಯರ್, ಬಹುಶಃ ಕೊಂಬೆ ಬಿದ್ದಿರಬೇಕು ಸಾರ್, ಸ್ವಲ್ಪ ಬಿಟ್ಟು ಮತ್ತೊಮ್ಮೆ ಚಾರ್ಜ್ ಮಾಡಿ ಎಂದಳು. ಹೇಳಿದ್ದು ಸರಿಯೇ. ಮಳೆಗಾಲದಲ್ಲಿ ಅವನೂ ಹಾಗೇ ಮಾಡಿಕೊಂಡು ಬಂದವನು. ಆದರೆ ಗಾಜಿನಾಚೆ ಬೇಲಿಯ ದಾಸವಾಳದ ಒಂದು ಎಲೆಯೂ ಅಲುಗುತ್ತಿರಲಿಲ್ಲ, ಬಿಸಿಲು ಹಾಲಿನಂತೆ ನಿಂತಿತ್ತು. ಕೊಂಬೆ ಬೀಳಲು ಗಾಳಿಯಾದರೂ ಬೇಡವೇ? ಆ ಲೈನಿನ ಮೇಲೆ ಬೆಳಗಿನಿಂದ ಇದ್ದವನು ಒಬ್ಬನೇ, ಲೈನ್‌ಮನ್ ಧರ್ಮೇಶ.

ಇಳಿದಿದ್ದಾನೆ, ಇಳಿದಿದ್ದಾನೆ ಎಂದು ಸೋಮನಾಥ ತನಗೆ ತಾನೇ ಹೇಳಿಕೊಂಡ. ಇವತ್ತಿನಿಂದ ಶುರುವಾದ ಹೊಸ ಆಪ್ ಹಾಗೆಂದಿತ್ತು. ‘ಕೆಲಸ ಮುಗಿದಿದೆ, ಸಿಬ್ಬಂದಿ ಕೆಳಗಿಳಿದಿದ್ದಾರೆ, ಲೈನ್ ಚಾರ್ಜ್ ಮಾಡಬಹುದು’ ಎಂದು ಅಚ್ಚ ಕನ್ನಡದಲ್ಲಿ ಬರೆದಿತ್ತು. ಅದರ ಪಕ್ಕದಲ್ಲಿ ನಾಲ್ಕಂಕಿಯ ನಂಬರು ಸರಿಯಾಗಿ ಕೂತಿತ್ತು. ಲೈನ್‌ಮನ್ ಕಂಬ ಹತ್ತುವ ಮೊದಲು ಆಪರೇಟರ್ ಲೈನ್ ಆರಿಸಿ ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ಕೊಡಬೇಕು. ಅವನು ಇಳಿದು ಎಲ್‌ಸಿ ವಾಪಸ್ ಕೊಟ್ಟ ಮೇಲೇ ಮತ್ತೆ ಕರೆಂಟು ಬಿಡಬೇಕು. ನಡುವಿನ ಆ ಹೊತ್ತಿನಲ್ಲಿ ಮೇಲಿರುವವನ ಜೀವ ಕೆಳಗಿರುವವನ ಬೆರಳಲ್ಲಿ. ಇದು ಎಲ್ಲ ಕಡೆಯೂ ಒಂದೇ. ಆದರೆ ಈ ಸಬ್‌ಸ್ಟೇಷನ್ನಿನಲ್ಲಿ, ಯಾವ ಆದೇಶದಲ್ಲೂ ಇಲ್ಲದ ಒಂದು ಪದ್ಧತಿ ಬೆಳೆದುಕೊಂಡಿತ್ತು. ಫೋನಿನಲ್ಲಿ ಗೊರಗೊರ ಸದ್ದು, ಹತ್ತು ಜನ ಲೈನ್‌ಮನ್ನರು, ಯಾರ ದನಿ ಯಾರದೆಂದು ತಿಳಿಯದೆ ಒಮ್ಮೆ ಎಡವಟ್ಟಾಗುವುದು ಸ್ವಲ್ಪದರಲ್ಲಿ ತಪ್ಪಿದ ಮೇಲೆ ಶುರುವಾದದ್ದು. ಎಲ್‌ಸಿ ಕೊಡುವಾಗ ಆಪರೇಟರ್ ತಿಂಡಿ ಎಂತ ಎಂದು ಕೇಳುತ್ತಾನೆ. ಲೈನ್‌ಮನ್ ಬೆಳಿಗ್ಗೆ ತಿಂದದ್ದನ್ನು ಹೇಳುತ್ತಾನೆ. ಇಳಿದ ಮೇಲೆ ಅದೇ ತಿಂಡಿಯ ಹೆಸರು ಹೇಳಿದರೆ ಲೈನ್ ಚಾರ್ಜ್. ಕಡುಬು ಅಂದವನು ಕಡುಬೇ ಅನ್ನಬೇಕು. ನರಸಿಂಹರಾಜಪುರದ ಕಡೆಯಿಂದ ಬಂದ ಸೋಮನಾಥನ ಬಾಯಲ್ಲಿ ‘ಏನು’ ಹೋಗಿ ‘ಎಂತ’ ಬಂದು ಕೂತದ್ದು ಈ ಪ್ರಶ್ನೆಯಿಂದಲೇ. ಮನೆಯಲ್ಲಿ ಹೆಂಡತಿ ಮಾಲತಿ ನಗುತ್ತಿದ್ದಳು, ಊರವರ ಮನೆಯ ತಿಂಡಿಯೆಲ್ಲ ನಿಮಗೆ ಗೊತ್ತು, ನಾನು ಬೆಳಿಗ್ಗೆ ಏನು ಮಾಡಿದ್ದೆ ಹೇಳಿ ನೋಡುವಾ ಎಂದು.

ಧರ್ಮೇಶನ ತಿಂಡಿಗಳು ಅವನಿಗೆ ಹೆಚ್ಚು ನೆನಪಿದ್ದವು. ಧರ್ಮೇಶ ಒಂದೇ ಮಾತಿನಲ್ಲಿ ಮುಗಿಸುವವನಲ್ಲ. ಅಕ್ಕಿರೊಟ್ಟಿ ಎಂದರೆ ಅದಕ್ಕೆ ಎಂತ ಚಟ್ನಿ, ಯಾವ ಮೂಲೆ ಸೀದಿತ್ತು, ತಾಯಿ ವನಜಮ್ಮ ಇನ್ನೊಂದು ಹಾಕಲು ಬಂದಾಗ ತಾನು ಬೇಡ ಎಂದದ್ದಕ್ಕೆ ಅವರಿಗೆ ಬೇಸರ ಬಂದದ್ದು, ಎಲ್ಲವನ್ನೂ ಹೇಳುತ್ತಿದ್ದ. ಎದುರಿಗೆ ಬೇರೆ ಫೀಡರಿನ ಗಂಟೆ ಹೊಡೆದುಕೊಳ್ಳುತ್ತಿದ್ದರೂ ಸೋಮನಾಥ ಕೇಳಿಸಿಕೊಳ್ಳುತ್ತಿದ್ದ. ಕಂಬದ ಮೇಲೆ ಹೋಗುವವನು ಅಷ್ಟಾದರೂ ಮಾತಾಡಿಕೊಳ್ಳಲಿ ಎಂದು. ಇವತ್ತು ಬೆಳಿಗ್ಗೆಯೂ ಆಪ್‌ನಲ್ಲಿ ವಿನಂತಿ ಹಾಕುವ ಮೊದಲು ಧರ್ಮೇಶ ಎಂದಿನಂತೆ ಫೋನು ಮಾಡಿದ್ದ. ಕೆರೆಕಟ್ಟೆ ಆಚೆ ಕಾಡಿನ ಇಳಿಜಾರಿನಲ್ಲಿ ಒಂದು ಇನ್ಸುಲೇಟರ್ ಒಡೆದಿದೆ, ಬದಲಿಸಬೇಕು ಎಂದ. ಆಮೇಲೆ, ಸೋಮಣ್ಣ, ಇವತ್ತಿನ ತಿಂಡಿ, ಎಂದು ಶುರು ಮಾಡಿದ. ಪಕ್ಕದಲ್ಲಿ ಅರ್ಪಿತಾ ಕೂತಿದ್ದಳು. ಅವಳು ತಲೆ ಎತ್ತಿ ನೋಡಿದಳು, ಅಷ್ಟೇ. ನಗಲೂ ಇಲ್ಲ.

ಆ ನೋಟ ಸಾಕಾಯಿತು. ಯಾಕೆಂದರೆ ಹಿಂದಿನ ದಿನ ಕೊಪ್ಪದಲ್ಲಿ ಈ ಆಪ್‌ನ ತರಬೇತಿಯಿತ್ತು. ಎಲ್ಲರ ಹೆಬ್ಬೆರಳಿನ ಗುರುತನ್ನು ಯಂತ್ರಕ್ಕೆ ಕೊಡಬೇಕಿತ್ತು, ಇವನ ಬೆರಳನ್ನು ಮಾತ್ರ ಯಂತ್ರ ಒಪ್ಪಲಿಲ್ಲ. ಹಳೆಯ ಪ್ಯಾನೆಲ್ಲಿನ ಹಿಡಿಕೆಯನ್ನು ಇಷ್ಟು ವರ್ಷ ತಿರುಗಿಸಿ ತಿರುಗಿಸಿ ಬೆರಳಿನ ಗೆರೆಯೇ ಸವೆದಿತ್ತೋ ಏನೋ. ಮತ್ತೆ ಇಡಿ, ಒತ್ತಿ ಇಡಿ, ಇಷ್ಟು ಒತ್ತಬೇಡಿ ಎಂದು ತರಬೇತಿಯವನು ಹೇಳುತ್ತಿದ್ದಂತೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅರ್ಪಿತಾ ಎದ್ದು ಬಂದು, ತಪ್ಪು ತಿಳಿಯಬೇಡಿ ಸಾರ್ ಎಂದು, ತನ್ನ ಕರವಸ್ತ್ರದಿಂದ ಅವನ ಹೆಬ್ಬೆರಳನ್ನು ಒರೆಸಿದಳು. ಚಿಕ್ಕ ಮಕ್ಕಳ ಮೂಗು ಒರೆಸುವ ಹಾಗೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದಳು, ಅದೇ ಅವನಿಗೆ ನುಂಗಲಾಗಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಉದ್ದಕ್ಕೂ ಹೆಬ್ಬೆರಳನ್ನು ಮುಷ್ಟಿಯೊಳಗೆ ಇಟ್ಟುಕೊಂಡಿದ್ದ. ಮನೆಗೆ ಬಂದವನೇ ಹಳೆಯ ಗುಂಡಿ ಫೋನನ್ನು ಕಪಾಟಿಗೆ ಎಸೆದು, ಮಗಳು ಶಿವಾನಿ ತಂದುಕೊಟ್ಟು ಆರು ತಿಂಗಳಿಂದ ಡಬ್ಬಿಯಲ್ಲೇ ಇದ್ದ ಹೊಸ ಫೋನು ತೆಗೆದು, ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನುವ ಹಾಗೆ ಎಲ್ಲ ಆಪ್‌ಗಳನ್ನೂ ಹಾಕಿಸಿಕೊಂಡಿದ್ದ. ಬೆಳಿಗ್ಗೆ ಕುರ್ಚಿಯಲ್ಲಿ ಕೂರುವಾಗ ಹೊಸ ಮನುಷ್ಯನೇ ಆಗಿ ಕೂತಿದ್ದ. ಅದಕ್ಕೇ ಧರ್ಮೇಶ ತಿಂಡಿ ಎಂದಾಗ ಅವನಿಗೆ ಯಾರೋ ತನ್ನ ಹರಿದ ಬನಿಯನ್ನನ್ನು ಅಂಗಳಕ್ಕೆ ತಂದು ಒಣಹಾಕಿದಂತಾಯಿತು.

"ಅದೆಲ್ಲ ಇನ್ನು ಬೇಡ ಮಾರಾಯ. ನಂಬರ್ ಬರುತ್ತೆ, ನಂಬರ್ ಹಾಕು ಸಾಕು," ಎಂದಿದ್ದ.

ಧರ್ಮೇಶ ಆಯ್ತು ಸಾರ್ ಎಂದ. ಸೋಮಣ್ಣ ಅನ್ನಲಿಲ್ಲ. ಸೋಮನಾಥನಿಗೆ ಅದು ಆಗಲೇ ಕೇಳಿಸಿತ್ತು, ಕೇಳಿಸದವನಂತೆ ಪರದೆ ನೋಡಿದ್ದ. ಅರ್ಪಿತಾ ಕುತೂಹಲದಿಂದ ಏನದು ತಿಂಡಿ ಎಂದು ಕೇಳಿದ್ದಳು. ಹಳೆಯ ಕಾಲದ್ದು ಮೇಡಂ, ಸುಮ್ಮನೆ ಎಂದು ನಕ್ಕಿದ್ದ. ಈಗ ಕೆಂಪು ಚೌಕವನ್ನು ನೋಡುತ್ತ ಆ ನಗು ಬಾಯಲ್ಲಿ ಹುಳಿಯಾಗಿ ತಿರುಗಿ ಬಂತು.

ಅವನು ಧರ್ಮೇಶನ ನಂಬರಿಗೆ ಫೋನು ಮಾಡಿದ. ರಿಂಗಾಗಿ ರಿಂಗಾಗಿ ನಿಂತಿತು. ಆ ಇಳಿಜಾರಿನಲ್ಲಿ ನೆಟ್‌ವರ್ಕೇ ಇಲ್ಲ, ರಸ್ತೆಯ ತಿರುವಿಗೆ ಹತ್ತಿ ಬಂದರೆ ಮಾತ್ರ ಎರಡು ಕಡ್ಡಿ ಸಿಗುತ್ತದೆ ಎಂದು ಅವನಿಗೆ ಗೊತ್ತು. ಹಾಗಾದರೆ ಫೋನು ರಿಂಗಾದದ್ದು ಹೇಗೆ? ರಿಂಗಾಯಿತು ಅಂದರೆ ಫೋನು ತಿರುವಿನಲ್ಲಿದೆ. ಫೋನು ತಿರುವಿನಲ್ಲಿದ್ದರೆ ಧರ್ಮೇಶನೂ ತಿರುವಿನಲ್ಲಿರಬೇಕು, ಇಳಿದು ಬಂದಿರಬೇಕು. ಒಂದು ಕ್ಷಣ ಮೈ ಹಗುರಾಯಿತು. ಮರುಕ್ಷಣ, ತಿರುವಿನಲ್ಲಿದ್ದವನು ಯಾಕೆ ಎತ್ತಲಿಲ್ಲ ಎಂಬುದು ಮುಳ್ಳಿನಂತೆ ಚುಚ್ಚಿತು. ಆಮೇಲೆ ರಾಡಿನ ನೆನಪು ಬಂತು. ಕಂಬ ಹತ್ತುವ ಮೊದಲು ಲೈನಿಗೆ ಅರ್ತ್ ರಾಡ್ ತಗುಲಿಸಿ ಅದರ ತಂತಿಯನ್ನು ನೆಲಕ್ಕೆ ಇಳಿಸಬೇಕು. ಆಗ ಯಾರಾದರೂ ತಪ್ಪಿ ಕರೆಂಟು ಬಿಟ್ಟರೂ ಅದು ಮನುಷ್ಯನ ಮೈಗೆ ಹೋಗದೆ ನೆಲಕ್ಕೆ ಹೋಗಿ ಲೈನ್ ಟ್ರಿಪ್ ಆಗುತ್ತದೆ. ಹೀಗೆಯೇ, ಹಸಿರಾದ ಕೂಡಲೇ ಕೆಂಪಾಗಿ. ಹಾಗಿದ್ದರೆ ಈ ಕೆಂಪು ರಾಡಿನ ಕೆಂಪು. ರಾಡು ಹಾಕಿಯೇ ಇರುತ್ತಾನೆ, ಧರ್ಮೇಶ ಅಚ್ಚುಕಟ್ಟಿನವನು, ಇಷ್ಟು ವರ್ಷ ಒಂದು ಗೀರು ಮಾಡಿಕೊಂಡವನಲ್ಲ. ಹಾಗಿಲ್ಲದಿದ್ದರೆ? ಟ್ರಿಪ್ ಆಗಲು ಉಳಿದ ಇನ್ನೊಂದು ಕಾರಣವನ್ನು ಅವನ ಮನಸ್ಸು ಹೆಸರು ಹಿಡಿದು ಕರೆಯಲಿಲ್ಲ.

ಮೇಜಿನ ಫೋನು ಬಡಿದುಕೊಳ್ಳತೊಡಗಿತು. ಸಿರಿಮನೆ ಕಡೆಯ ಒಬ್ಬರು, ಬಂದ ಕರೆಂಟು ಹೋಯಿತಲ್ಲ ಎಂದರು, ಇನ್ನೊಬ್ಬರು ಗಿರಣಿಗೆ ಅಕ್ಕಿ ಸುರಿದಾಗಿದೆ ಎಂದರು. ಅರ್ಪಿತಾಳ ಫೋನೂ ಹೊಡೆಯಿತು. ಕೊಪ್ಪದ ಆಫೀಸಿನಲ್ಲಿ ದೊಡ್ಡ ಪರದೆಯೊಂದರ ಮೇಲೆ ಎಲ್ಲ ಫೀಡರುಗಳೂ ಕಾಣುತ್ತವಂತೆ, ಎಷ್ಟು ಹೊತ್ತು ಕೆಂಪು ಉಳಿಯಿತು ಎಂಬುದು ಅಲ್ಲಿ ತಾನಾಗಿ ಲೆಕ್ಕವಾಗುತ್ತದಂತೆ, ಹೊಸ ವ್ಯವಸ್ಥೆ ತಂದದ್ದೇ ಆ ಹೊತ್ತನ್ನು ಇಳಿಸಲಿಕ್ಕಂತೆ. ಅವಳು ಫೋನಿನಲ್ಲಿ ಹೌದು ಸಾರ್, ಎಲ್‌ಸಿ ವಾಪಸ್ ಬಂದಿದೆ ಸಾರ್, ಈಗ ಮಾಡಿಸ್ತೇನೆ ಸಾರ್ ಎಂದು ಹೇಳುತ್ತ ಇವನನ್ನು ನೋಡಿದಳು. ಆ ನೋಟದಲ್ಲಿ ಜೋರಿರಲಿಲ್ಲ, ಬೇಡಿಕೆಯಿತ್ತು. ಅವಳಿಗೂ ಮೇಲಿನವರಿದ್ದಾರೆ. ಎಲ್ಲ ಸರಿಯಿದೆ, ನಂಬರೂ ಬಂದಿದೆ, ಇವನೊಬ್ಬ ಮುದುಕ ಕೈಕಟ್ಟಿ ಕೂತಿದ್ದಾನೆ ಎಂದು ಅವಳಿಗೆ ಅನ್ನಿಸುತ್ತಿರಬೇಕು ಎಂದು ಅವನಿಗೆ ಅನ್ನಿಸಿತು. ಒಂದು ಸಲ ಮಾತಾಡಿ ಆಮೇಲೆ ಹಾಕುತ್ತೇನೆ ಮೇಡಂ ಎಂದ. ಯಾರ ಹತ್ತಿರ ಎಂದಳು. ಧರ್ಮೇಶನ ಹತ್ತಿರ ಎಂದ. ಎಂತ ಕೇಳಬೇಕು ಎಂದು ಅವಳು ಕೇಳಿದ್ದರೆ ಹೇಳಲು ಅವನ ಹತ್ತಿರ ಏನೂ ಇರಲಿಲ್ಲ. ತಿಂಡಿಯ ಹೆಸರೇ ಇಲ್ಲದ ಮೇಲೆ ಯಾವ ಹೆಸರನ್ನು ಯಾವುದಕ್ಕೆ ತಾಳೆ ನೋಡುವುದು?

ನಡುವೆ ಬೇಡವೆಂದರೂ ಒಂದು ಹಳೆಯ ದಿನ ಬಂದು ಎದುರು ನಿಂತಿತು. ಬಸರೀಕಟ್ಟೆಯ ಕಡೆಯ ಕೆಲಸ. ಧರ್ಮೇಶನ ಬದಲು ಜೊತೆಯ ಕಿರಣ ಫೋನು ಮಾಡಿ, ಧರ್ಮೇಶಣ್ಣಂದು ಆಯ್ತು, ತಿಂಡಿ ಕೊಟ್ಟೆಕಡುಬು ಅಂತ ಹೇಳೋಕೆ ಹೇಳಿದ್ರು ಎಂದಿದ್ದ. ಸೋಮನಾಥನಿಗೆ ಬೆಳಿಗ್ಗೆ ಕೇಳಿದ್ದು ಮರೆತೇಹೋಗಿತ್ತು. ಉಪ್ಪಿಟ್ಟೋ, ಕೊಟ್ಟೆಕಡುಬೋ, ಏನೂ ನೆನಪಿರಲಿಲ್ಲ. ಮರೆತೆ ಎಂದು ಕಿರಣನಂಥ ಹುಡುಗನ ಹತ್ತಿರ ಒಪ್ಪಿಕೊಳ್ಳಲು ನಾಚಿಕೆಯಾಗಿ, ಹೌದು ಹೌದು, ಕೊಟ್ಟೆಕಡುಬು ಎಂದು ಹಿಡಿಕೆ ತಿರುಗಿಸಿದ್ದ. ಲೈನ್ ಟ್ರಿಪ್ ಆಗಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಮುಂದೆ ಧರ್ಮೇಶನಿಗೆ ಅದನ್ನೇ ತಮಾಷೆ ಮಾಡಿ ಹೇಳಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ನಿಮ್ಮ ಮರೆವೂ ನನ್ನ ಪುಣ್ಯವೂ ಒಂದಕ್ಕೊಂದು ಸರಿಹೋಯ್ತು ಬಿಡಿ ಸೋಮಣ್ಣ ಎಂದಿದ್ದ. ರಾಡು ಹೇಗೂ ಇರುತ್ತದೆ ಎಂದು ಸೋಮನಾಥ ಅಂದುಕೊಂಡಿದ್ದ. ಅದಕ್ಕೇ ನಗಲು ಆಗಿತ್ತು.

ಅರ್ಪಿತಾಳ ಫೋನು ಮತ್ತೆ ಹೊಡೆಯಿತು. ಅವಳು ಎತ್ತಲಿಲ್ಲ, ಸುಮ್ಮನೆ ಮೇಜಿನ ಮೇಲೆ ಅದು ನಡುಗುವುದನ್ನು ನೋಡಿದಳು. ಸಾರ್, ನಾನು ಏನು ಹೇಳಲಿ ಅವರಿಗೆ ಎಂದಳು. ಆ ದನಿ ಥೇಟು ಶಿವಾನಿ ಶಾಲೆಗೆ ಹೊತ್ತಾದಾಗ ಕೇಳುತ್ತಿದ್ದ ದನಿ. ಸೋಮನಾಥನ ಕೈ ಎದ್ದಿತು. ನಿಜವಾಗಿಯೂ ಎದ್ದಿತು, ಇದನ್ನು ಅವನು ಆಮೇಲೆ ತನ್ನಿಂದ ಮುಚ್ಚಿಟ್ಟುಕೊಳ್ಳಲು ಆಗಲಿಲ್ಲ. ಒಂದು ಹುಡುಗಿಯ ಮುಖ ಬಾಡಬಾರದೆಂದು, ತಾನು ಹಳಬನೆನ್ನಿಸಿಕೊಳ್ಳಬಾರದೆಂದು, ಬೆರಳು ಆ ಚೌಕದ ಕಡೆ ಹೋಗುತ್ತಿತ್ತು. ಆಗ ಹೊಸ ಫೋನು ಕಿಸೆಯಲ್ಲಿ ಅಪರಿಚಿತ ರಾಗ ಹಾಡಿತು. ತನ್ನದೇ ಎಂದು ತಿಳಿಯಲು ಅವನಿಗೆ ಹೊತ್ತು ಹಿಡಿಯಿತು.

ಧರ್ಮೇಶನ ನಂಬರು. ಆದರೆ ದನಿ ಧರ್ಮೇಶನದ್ದಲ್ಲ. ಕಂಪನಿಯ ಜೀಪು ಓಡಿಸುವ ಪ್ರಶಾಂತ, ಮಾತಾಡಲಾಗದೆ ಏದುಸಿರು ಬಿಡುತ್ತಿದ್ದ. ಅವನು ಹೇಳಿದ್ದನ್ನು ಜೋಡಿಸಿಕೊಂಡರೆ ಇಷ್ಟು. ಕಂಬದ ಹತ್ತಿರ ನೆಟ್‌ವರ್ಕ್ ಇಲ್ಲವೆಂದು ಧರ್ಮೇಶ ಫೋನನ್ನು ತಿರುವಿನಲ್ಲಿ ನಿಲ್ಲಿಸಿದ ಜೀಪಿನಲ್ಲಿ ಇವನ ಕೈಗೆ ಕೊಟ್ಟು ಹೋಗಿದ್ದ. ತಾನು ಮುಗಿಸಿ ಹತ್ತಿ ಬಂದು ನಂಬರು ಹಾಕುತ್ತೇನೆ, ಅಲ್ಲಿಯವರೆಗೆ ಇಟ್ಟುಕೊ ಎಂದಿದ್ದ. ಆಪ್ ಸುಮ್ಮನಿರಲಿಲ್ಲ. ‘ಕೆಲಸ ಮುಗಿಯಿತೇ? ಉತ್ತರ ಬಾರದಿದ್ದರೆ ನಿಮ್ಮ ಎಲ್‌ಸಿ ರದ್ದಾಗುತ್ತದೆ’ ಎಂದು ಕೇಳತೊಡಗಿತು. ಮತ್ತೆ ಮತ್ತೆ ಕೇಳಿತು. ಎಲ್‌ಸಿ ರದ್ದು ಅಂದರೆ ಲೈನಿಗೆ ಕರೆಂಟು ಬಿಡುತ್ತಾರೆ, ಮೇಲೆ ಮನುಷ್ಯನಿದ್ದಾನೆ ಎಂದು ಪ್ರಶಾಂತ ಹೆದರಿ, ರದ್ದಾಗದಿರಲಿ ಎಂದೇ ಹೌದು ಒತ್ತಿದ. ನಂಬರು ತಾನಾಗಿ ಬಂತು, ತಾನಾಗಿಯೇ ಚೌಕಗಳಲ್ಲಿ ತುಂಬಿಕೊಂಡು ಹೋಯಿತು.

"ಅವ್ರನ್ನ ಉಳಿಸೋಕೇ ಒತ್ತಿದ್ದು ಸಾರ್," ಎಂದ ಪ್ರಶಾಂತ. "ಕೆಳಗೆ ಢಂ ಅಂತು. ಫೋನ್ ಹೊಡಿತಿತ್ತು, ನಾನು ಕೂಗ್ತಾ ನಿಂತಿದ್ದೆ, ಎತ್ತಲಿಲ್ಲ. ಕೂಗಿದ್ರೆ ಓಗೊಡ್ತಿಲ್ಲ ಸಾರ್. ಇಳಿದು ಹೋಗಿ ನೋಡ್ತೀನಿ. ಕರೆಂಟ್ ಬಿಡ್ಬೇಡಿ."

ಇಳಿದು ಹೋದ ಎಂದರೆ ಇನ್ನು ಅವನಿಗೂ ನೆಟ್‌ವರ್ಕ್ ಇಲ್ಲ. ಫೋನು ಕಿವಿಗೆ ಹಿಡಿದುಕೊಂಡೇ ಸೋಮನಾಥ ಕೂತ. ಅರ್ಪಿತಾಗೆ ಹೇಳಬೇಕಾಗಲಿಲ್ಲ, ಪ್ರಶಾಂತನ ದನಿ ಕೋಣೆಗೆಲ್ಲ ಕೇಳಿಸಿತ್ತು. ಆಪ್‌ನಲ್ಲಿ ಹೌದು ಅಂತ ಬಂದಿತ್ತಲ್ಲ ಸಾರ್ ಎಂದು, ಯಾರಿಗೂ ಅಲ್ಲದಂತೆ ಹೇಳಿದಳು. ತನ್ನ ಫೋನನ್ನು ಆರಿಸಿ ಕೆಳಮುಖವಾಗಿ ಇಟ್ಟಳು. ಸೋಮನಾಥನಿಗೆ ಅವಳ ಮೇಲೆ ಸಿಟ್ಟು ಬರಲಿ ಎಂದು ಹಂಬಲವಾಯಿತು, ಬರಲಿಲ್ಲ. ಪ್ರಶಾಂತನ ಮೇಲೂ ಬರಲಿಲ್ಲ. ಒಂದು ಬೆರಳು ಉಳಿಸಲು ಒತ್ತಿತು, ಇನ್ನೊಂದು ಬೆರಳು ಮರ್ಯಾದೆಗೆ ಒತ್ತಿತು. ಉಳಿಸಲು ಹೋದವನು ತಪ್ಪು ತಿಳಿದ, ಸರಿ. ತಾನು? ಬೆಳಿಗ್ಗೆ ಆ ಒಂದು ತಿಂಡಿಯ ಹೆಸರನ್ನು ಕೇಳಿಸಿಕೊಂಡಿದ್ದರೆ, ಸಾವಿರ ಹಸಿರು ಬಂದರೂ ಧರ್ಮೇಶನ ಬಾಯಿಂದ ಆ ಹೆಸರು ಬರುವ ತನಕ ಈ ಕೈ ಏಳುತ್ತಿರಲಿಲ್ಲ. ಒಂದು ಗಳಿಗೆಯ ನಾಚಿಕೆಗೆ ಇಷ್ಟು ಬೆಲೆಯೇ ಎಂದು ಅವನಿಗೆ ದಿಗಿಲಾಯಿತು. ವನಜಮ್ಮ ಇವತ್ತು ಏನು ಮಾಡಿ ಬಡಿಸಿದ್ದರೋ. ಇನ್ನೊಂದು ಹಾಕಲು ಬಂದಾಗ ಧರ್ಮೇಶ ಬೇಡ ಎಂದನೋ, ಹಾಕಿಸಿಕೊಂಡನೋ. ಗೋಡೆಗೆ ಇನ್ನೂ ಅಂಟಿಕೊಂಡಿದ್ದ ಹಳೆಯ ಪ್ಯಾನೆಲ್ಲಿನಲ್ಲಿ ಕೆರೆಕಟ್ಟೆಯ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ಅದರ ತಂತಿಯನ್ನು ಬಿಡಿಸಿ ತಿಂಗಳಾಗಿತ್ತು. ಆದರೂ ಅವನು ಅದನ್ನೇ ನೋಡುತ್ತ ಕೂತ.

ಎಷ್ಟು ಹೊತ್ತಾಯಿತೋ, ಫೋನು ಮತ್ತೆ ಹಾಡಿದಾಗ ಅದನ್ನು ಎತ್ತಲು ಪರದೆಯನ್ನು ಎಳೆಯಬೇಕಿತ್ತು. ಬೆವರಿದ ಹೆಬ್ಬೆರಳನ್ನು ಪರದೆ ಗುರುತಿಸಲಿಲ್ಲ. ಎರಡು ಸಲ ಎಳೆದ, ಮೂರನೆಯ ಸಲಕ್ಕೆ ಅರ್ಪಿತಾ ಕೈ ಚಾಚಿ ಎಳೆದುಕೊಟ್ಟಳು.

ಧರ್ಮೇಶನ ದನಿ. ಮೆಲ್ಲಗಿತ್ತು, ನಡುಗುತ್ತಿರಲಿಲ್ಲ. ಬದುಕಿದ್ದೇನೆ ಎಂಬುದನ್ನು ಬೇರೆಯಾಗಿ ಹೇಳಲಿಲ್ಲ. ಮೇಲೆಯೇ ಇದ್ದೆ, ರಾಡಿನ ಬುಡದಲ್ಲಿ ಕಿಡಿ ಹಾರಿತು, ಎಡಗೈ ಬೆರಳು ಇನ್ನೂ ಜುಂ ಅನ್ನುತ್ತಿದೆ, ಸ್ವಲ್ಪ ಹೊತ್ತು ಬೆಲ್ಟಿನಲ್ಲಿ ನೇತುಬಿದ್ದಿದ್ದೆ, ಬಾಯಿಂದ ಮಾತು ಹೊರಡಲಿಲ್ಲ, ಪ್ರಶಾಂತ ಬಂದು ಇಳಿಸಿಕೊಂಡ ಎಂದ. ಇನ್ಸುಲೇಟರು ಹಾಕಿ ಆಗಿದೆ ಎಂದೂ ಹೇಳಿದ. ಅಳು ಬರುತ್ತಿದೆ ಎಂದು ತಿಳಿದು, ಅದನ್ನು ತಡೆಯಲು ಸೋಮನಾಥ ಬಾಯಿಗೆ ಬಂದದ್ದನ್ನು ಅಂದ. ದೇವರು ದೊಡ್ಡವನು, ನೀನು ರಾಡು ಹಾಕಿದ್ದೆ, ನನಗೆ ಗೊತ್ತಿತ್ತು ನೀನು ಹಾಕೇ ಇರ್ತೀಯ ಅಂತ.

"ಇವತ್ತು ಹಾಕಿದ್ದೆ," ಎಂದ ಧರ್ಮೇಶ.

ಇವತ್ತು ಎಂಬ ಮಾತು ಸೋಮನಾಥನ ಕಿವಿಯಲ್ಲಿ ನಿಂತುಬಿಟ್ಟಿತು. ಇವತ್ತು ಅಂದ್ರೆ ಎಂತ ಧರ್ಮೇಶ ಎಂದು ಕೇಳಿದ.

"ಬೆಳಿಗ್ಗೆ ನೀವು ತಿಂಡಿ ಬೇಡ ಅಂದ್ರಲ್ಲ. ಒಂಥರಾ ಹೆದರಿಕೆ ಆಯ್ತು ಮಾರಾಯ್ರೆ. ಅದಕ್ಕೇ ಜೀಪಿಂದ ರಾಡ್ ಹೊತ್ಕೊಂಡು ಹೋದೆ. ಇಲ್ದಿದ್ರೆ ಆ ಇಳಿಜಾರಲ್ಲಿ ಅದನ್ನ ಯಾರು ಹೊರ್ತಾರೆ."

"ಹಾಗಾದ್ರೆ ಇಷ್ಟು ವರ್ಷ?"

"ಇಷ್ಟು ವರ್ಷ ನೀವಿದ್ರಲ್ಲ ಸೋಮಣ್ಣ."

ಅವನು ಅದನ್ನು ಪ್ರೀತಿಯಿಂದಲೇ ಹೇಳಿದ. ಸೋಮನಾಥನಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ಒಮ್ಮೆಗೇ ಅರ್ಥವಾಯಿತು, ಕುರ್ಚಿಯ ತೋಳನ್ನು ಹಿಡಿದುಕೊಂಡ. ರಾಡಿರಲಿಲ್ಲ. ಆ ಯಾವ ದಿನವೂ ಇರಲಿಲ್ಲ. ಅಕ್ಕಿರೊಟ್ಟಿಯ ದಿನ, ಕಡುಬಿನ ದಿನ, ಮಾತು ಮುಗಿಯದೆ ನಕ್ಕ ದಿನಗಳಲ್ಲೆಲ್ಲ ಧರ್ಮೇಶ ಬರಿಗೈಯಲ್ಲಿ ಹತ್ತಿದ್ದ, ಕೆಳಗೆ ಸೋಮಣ್ಣ ಇದ್ದಾರೆ ಎಂಬ ನಂಬಿಕೆಯೊಂದನ್ನೇ ರಾಡಿನ ತಂತಿಯಂತೆ ನೆಲಕ್ಕೆ ಇಳಿಬಿಟ್ಟುಕೊಂಡು. ಬಸರೀಕಟ್ಟೆಯ ಆ ದಿನವೂ. ಕಿರಣ ಕೊಟ್ಟೆಕಡುಬು ಎಂದಾಗ, ಮರೆತದ್ದನ್ನು ಒಪ್ಪಿಕೊಳ್ಳಲಾರದೆ ಈ ಕೈ ಹಿಡಿಕೆ ತಿರುಗಿಸಿದ ಆ ದಿನವೂ. ಅಂದು ಧರ್ಮೇಶ ಹೊಟ್ಟೆ ಹಿಡಿದು ನಕ್ಕದ್ದು ಈಗ ಕಣ್ಣಿಗೆ ಕಟ್ಟಿತು. ಇಂದು ಧರ್ಮೇಶ ಉಳಿದದ್ದು ತಾನು ತಿಂಡಿ ಕೇಳದೆ ಹೋದದ್ದಕ್ಕೆ. ಕೇಳಿದ್ದ ದಿನಗಳಲ್ಲೆಲ್ಲ ಅವನು ಉಳಿದದ್ದು ಯಾವುದಕ್ಕೋ ಸೋಮನಾಥನಿಗೆ ತಿಳಿಯಲಿಲ್ಲ.

ಪ್ರಶಾಂತನನ್ನೂ ಕರೆದುಕೊಂಡು ತಿರುವಿಗೆ ಹತ್ತಿ ಬಂದಿದ್ದೇನೆ, ರಾಡು ತೆಗೆದು ಜೀಪಿಗೆ ಹಾಕಿ ಆಯ್ತು, ಕೆಳಗೆ ಯಾರೂ ಇಲ್ಲ, ನಂಬರು ಹೊಸದಾಗಿ ಕಳಿಸುತ್ತೇನೆ ಎಂದು ಧರ್ಮೇಶ ಹೇಳುತ್ತಿದ್ದ. ಪರದೆಯ ಮೇಲೆ ನಾಲ್ಕಂಕಿ ಬಂದು ಕೂತಿತು. ಸಿಬ್ಬಂದಿ ಕೆಳಗಿಳಿದಿದ್ದಾರೆ, ಲೈನ್ ಚಾರ್ಜ್ ಮಾಡಬಹುದು ಎಂದು ಬರೆದುಕೊಂಡಿತು. ಅರ್ಪಿತಾ ಏನೂ ಹೇಳದೆ ಅವನನ್ನು ನೋಡಿದಳು. ಸೋಮನಾಥ ಎರಡೂ ಕೈಗಳನ್ನು ಮೇಜಿನ ಕೆಳಗೆ, ಮೊಣಕಾಲುಗಳ ನಡುವೆ ಇಟ್ಟುಕೊಂಡು ಕೂತಿದ್ದ. ಮೇಜಿನ ಮೇಲಿದ್ದ ಫೋನಿನಿಂದ ಧರ್ಮೇಶನ ದನಿ ಬರುತ್ತಲೇ ಇತ್ತು.

"ಸೋಮಣ್ಣ, ಇದ್ದೀರಾ?"

ಸ್ವಲ್ಪ ಬಿಟ್ಟು ಮತ್ತೆ ಕೇಳಿದ. ಇದ್ದೇನೆ ಎನ್ನಲು ಸೋಮನಾಥನಿಗೆ ಬಾಯಿ ಬರಲಿಲ್ಲ.